ಇಂಟರ್‌ವ್ಯೂನಲ್ಲಿ ಮಿಂಚಿದವರೇ ಕೆಲಸದಲ್ಲೂ ಮಿಂಚುತ್ತಾರಾ? ‘ಆತ್ಮವಿಶ್ವಾಸ’ದ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ಇಂಥದ್ದೊಂದು ಮೆಸೇಜ್ ನಿಮ್ಮ ಫೋನಿಗೂ ಬಂದಿರಬಹುದು:

“ಕೆಲಸಕ್ಕೆ ಜನ ತಗೊಳ್ಳೋರು ಗಮನಿಸಿ. ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರೋದ್ರಲ್ಲೇ ಮನುಷ್ಯ ಎಂಥವನು ಅಂತ ಗೊತ್ತಾಗುತ್ತೆ. ಸಂವಹನದಲ್ಲಿ ಶೇ. 93ರಷ್ಟು ದೇಹಭಾಷೆ ಮತ್ತು ದನಿ, ಮಾತಿನ ಪಾಲು ಬರೀ ಶೇ. 7. ಕಣ್ಣಲ್ಲಿ ಕಣ್ಣಿಟ್ಟು ಮಾತಾಡದವರನ್ನು ನಂಬಬೇಡಿ. ಇಂಟರ್‌ವ್ಯೂಗೆ ಹೋಗೋರು ಮೊದಲು ಎರಡು ನಿಮಿಷ ಸೊಂಟದ ಮೇಲೆ ಕೈಯಿಟ್ಟು ನಿಲ್ಲಿ, ಹಾರ್ಮೋನ್ ಬದಲಾಗಿ ಧೈರ್ಯ ಬರುತ್ತೆ. ಎಲ್ಲರಿಗೂ ಕಳಿಸಿ.”

ಓದೋದಕ್ಕೆ ಚೆನ್ನಾಗಿದೆ. ನಡುನಡುವೆ ಅಂಕಿಸಂಖ್ಯೆ ಇದೆ, ಹಾರ್ಮೋನ್ ಅನ್ನುವ ಪದ ಇದೆ, ಹಾಗಾಗಿ ವಿಜ್ಞಾನದ ಹಾಗೂ ಕಾಣುತ್ತದೆ. ಆದರೆ ಇದನ್ನು ನಂಬಿ ಅಂಗಡಿ, ಫ್ಯಾಕ್ಟರಿ, ಆಫೀಸುಗಳಲ್ಲಿ ಯಾರಿಗೋ ಕೆಲಸ ಸಿಗುತ್ತದೆ, ಇನ್ನಾರಿಗೋ ತಪ್ಪಿಹೋಗುತ್ತದೆ. ಕೆಲಸ ಸಿಗದವರು “ನನ್ನಲ್ಲೇ ಏನೋ ಕೊರತೆ ಇದೆ” ಅಂದುಕೊಂಡು ಮನೆಗೆ ಹೋಗುತ್ತಾರೆ. ಆದ್ದರಿಂದ ಈ ಮೆಸೇಜನ್ನು ಒಂದೊಂದೇ ಸಾಲು ತೆಗೆದುಕೊಂಡು ಪರೀಕ್ಷೆ ಮಾಡೋಣ. ಆಮೇಲೆ ಒಳ್ಳೆಯವರನ್ನು ಆರಿಸುವುದು ಹೇಗೆ, ಬಂದವರನ್ನು ಉಳಿಸಿಕೊಳ್ಳುವುದು ಹೇಗೆ, ನಮ್ಮ ಆತ್ಮವಿಶ್ವಾಸ ನಿಜವಾಗಿ ಬೆಳೆಯುವುದು ಹೇಗೆ ಅನ್ನುವುದನ್ನೂ ನೋಡೋಣ.

ಶೇ. 93 ಎಲ್ಲಿಂದ ಬಂತು?

ಈ ಸಂಖ್ಯೆ ಯಾರೋ ಕೂತು ಕಟ್ಟಿದ್ದಲ್ಲ. ಇದರ ಹಿಂದೆ ನಿಜವಾದ ಪ್ರಯೋಗ ಇದೆ. ಅಮೆರಿಕದ ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಅವರ ಜೊತೆಗಾರರು 1967ರಲ್ಲಿ ಎರಡು ಪ್ರಯೋಗಗಳ ವರದಿ ಪ್ರಕಟಿಸಿದರು. ಅವುಗಳಲ್ಲಿ ಬಳಸಿದ್ದು ಉದ್ದದ ಮಾತುಕತೆಯನ್ನಲ್ಲ, ಒಂದೊಂದೇ ಪದವನ್ನು. ಒಂದು ಪ್ರಯೋಗದಲ್ಲಿ “ಇರಬಹುದು” ಅನ್ನುವ ಅರ್ಥದ ಒಂದು ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಬೇರೆ ಬೇರೆ ಮುಖಭಾವದ ಫೋಟೊ ತೋರಿಸಿ, “ಇವರಿಗೆ ಎದುರಿನವರ ಮೇಲೆ ಇಷ್ಟ ಇದೆಯಾ, ಇಲ್ಲವಾ?” ಎಂದು ಕೇಳಲಾಯಿತು.

ಇವೆರಡರ ಫಲಿತಾಂಶ ಸೇರಿಸಿದಾಗ ಬಂದದ್ದೇ ಪದಕ್ಕೆ 7, ದನಿಗೆ 38, ಮುಖಭಾವಕ್ಕೆ 55 ಅನ್ನುವ ಲೆಕ್ಕ. ಅದು ಅನ್ವಯಿಸುವುದು ಒಂದೇ ಸಂದರ್ಭಕ್ಕೆ: ಒಬ್ಬರು ತಮ್ಮ ಇಷ್ಟ-ಅನಿಷ್ಟದ ಬಗ್ಗೆ ಹೇಳುವಾಗ, ಮಾತು ಒಂದು ಹೇಳಿ ಮುಖ ಇನ್ನೊಂದು ಹೇಳಿದರೆ, ನಾವು ಮುಖವನ್ನು ಹೆಚ್ಚು ನಂಬುತ್ತೇವೆ. “ನಂಗೇನೂ ಬೇಜಾರಿಲ್ಲ ಬಿಡು” ಅಂತ ಮುಖ ಊದಿಸಿಕೊಂಡು ಹೇಳಿದರೆ ಯಾರಾದರೂ ನಂಬುತ್ತಾರಾ? ಅಷ್ಟೇ ವಿಷಯ. ಭಾವನೆಯ ಮಾತಿಗೆ ಬಿಟ್ಟು ಬೇರೆಲ್ಲೂ ಈ ಲೆಕ್ಕ ಅನ್ವಯಿಸುವುದಿಲ್ಲ ಎಂದು ಮೆಹ್ರಾಬಿಯನ್ ಅವರೇ ಸ್ಪಷ್ಟವಾಗಿ ಹೇಳಿದ್ದಾರೆ.

ಒಂದು ಸುಲಭದ ಪರೀಕ್ಷೆ ನೀವೇ ಮಾಡಿ. ಭಾಷೆ ಗೊತ್ತಿಲ್ಲದ ಒಂದು ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡಿ. ಮಾತಿನ ಪಾಲು ಶೇ. 7 ಮಾತ್ರ ಆಗಿದ್ದರೆ ನಿಮಗೆ ಕತೆ ಶೇ. 93ರಷ್ಟು ಅರ್ಥವಾಗಬೇಕಿತ್ತು. ಆಗುತ್ತದೆಯೇ?

ಕಣ್ಣಲ್ಲಿ ಕಣ್ಣಿಡದವರು ಸುಳ್ಳುಗಾರರೇ?

ಅಲ್ಲ. ಸುಳ್ಳು ಹೇಳುವಾಗ ಜನರ ನಡವಳಿಕೆ ಹೇಗಿರುತ್ತದೆ ಅನ್ನುವ ಬಗ್ಗೆ ಬೆಲ್ಲಾ ಡಿಪಾಲೊ ಮತ್ತು ಜೊತೆಗಾರರು ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2003ರಲ್ಲಿ ಪ್ರಕಟಿಸಿದರು. ನೋಟ ತಪ್ಪಿಸುವುದಕ್ಕೂ ಸುಳ್ಳಿಗೂ ನಂಬುವಂಥ ಸಂಬಂಧ ಸಿಗಲಿಲ್ಲ. 2006ರಲ್ಲಿ ಇದೇ ಡಿಪಾಲೊ ಮತ್ತು ಚಾರ್ಲ್ಸ್ ಬಾಂಡ್ ಸೇರಿ ಇನ್ನೊಂದು ಲೆಕ್ಕ ಹಾಕಿದರು. ಎದುರಿಗಿರುವವರು ಹೇಳುತ್ತಿರುವುದು ಸುಳ್ಳೋ ನಿಜವೋ ಎಂದು ಗುರುತಿಸುವುದರಲ್ಲಿ ಜನ ಸರಾಸರಿ ನೂರಕ್ಕೆ 54 ಸಲ ಸರಿಯಾಗಿ ಹೇಳುತ್ತಾರೆ. ನಾಣ್ಯ ಚಿಮ್ಮಿ ಹೇಳಿದರೂ ಸುಮಾರು 50 ಸಲ ಸರಿಯಾಗುತ್ತದೆ. “ನಾನು ಮುಖ ನೋಡಿದರೆ ಸಾಕು, ಮನುಷ್ಯ ಹೇಗೆ ಅಂತ ಹೇಳಿಬಿಡ್ತೀನಿ” ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮ ಕಡೆ ಇನ್ನೊಂದು ಮಾತೂ ಇದೆ. ದೊಡ್ಡವರ ಎದುರು ತಲೆ ತಗ್ಗಿಸಿ ಮಾತಾಡುವುದನ್ನು ಎಷ್ಟೋ ಮನೆಗಳಲ್ಲಿ ಮರ್ಯಾದೆ ಎಂದೇ ಕಲಿಸುತ್ತಾರೆ. ಹಾಗೆ ಬೆಳೆದ ಹುಡುಗ ಮೊದಲ ಇಂಟರ್‌ವ್ಯೂನಲ್ಲಿ ನೆಲ ನೋಡಿದರೆ ಅವನಲ್ಲಿರುವುದು ಸಂಸ್ಕಾರ, ಕಳ್ಳತನ ಅಲ್ಲ.

ಎರಡು ನಿಮಿಷ ನಿಂತರೆ ಧೈರ್ಯ ಬರುತ್ತದೆಯೇ?

2010ರಲ್ಲಿ ಡೇನಾ ಕಾರ್ನಿ, ಏಮಿ ಕಡ್ಡಿ ಮತ್ತು ಆಂಡಿ ಯಾಪ್ ಎಂಬ ಸಂಶೋಧಕರು 42 ಜನರ ಮೇಲೆ ಒಂದು ಪ್ರಯೋಗ ಮಾಡಿದರು. ಎದೆಯುಬ್ಬಿಸಿ, ಕೈಕಾಲು ಹರಡಿಕೊಂಡು ಎರಡು ನಿಮಿಷ ಇದ್ದವರಲ್ಲಿ ಟೆಸ್ಟೋಸ್ಟೆರಾನ್ ಹಾರ್ಮೋನ್ ಏರಿತು, ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿಯಿತು, ಅವರು ಹೆಚ್ಚು ರಿಸ್ಕ್ ತೆಗೆದುಕೊಂಡರು ಎಂದು ವರದಿ ಮಾಡಿದರು. 2012ರಲ್ಲಿ ಕಡ್ಡಿ ಅವರ ಟೆಡ್ ಭಾಷಣದಿಂದ ಇದು ಜಗತ್ತಿನ ಎಲ್ಲ ಕಡೆ ಹರಡಿತು.

ಆದರೆ ವಿಜ್ಞಾನದಲ್ಲಿ ಒಂದು ಪ್ರಯೋಗ ಸಾಕಾಗುವುದಿಲ್ಲ. ಬೇರೆಯವರು ಮಾಡಿದಾಗಲೂ ಅದೇ ಫಲಿತಾಂಶ ಬರಬೇಕು. 2015ರಲ್ಲಿ ಏವಾ ರಾನೆಹಿಲ್ ಮತ್ತು ತಂಡ 200 ಜನರ ಮೇಲೆ ಇದನ್ನೇ ಮಾಡಿ ನೋಡಿತು. ಹಾಗೆ ನಿಂತವರಿಗೆ “ಸ್ವಲ್ಪ ಗಟ್ಟಿಯಾದ ಹಾಗೆ” ಅನಿಸಿದ್ದು ನಿಜ. ಹಾರ್ಮೋನು ಬದಲಾಗಲಿಲ್ಲ, ನಡವಳಿಕೆಯೂ ಬದಲಾಗಲಿಲ್ಲ. 2016ರಲ್ಲಿ ಮೂಲ ಪ್ರಯೋಗದ ಮೊದಲ ಲೇಖಕಿ ಕಾರ್ನಿ ಅವರೇ, ಈ ಪರಿಣಾಮ ನಿಜ ಎಂದು ತಾನು ಇನ್ನು ನಂಬುವುದಿಲ್ಲ ಎಂದು ಬಹಿರಂಗವಾಗಿ ಬರೆದರು. ತಮ್ಮದೇ ಪ್ರಸಿದ್ಧ ಫಲಿತಾಂಶವನ್ನು ಕೈಬಿಡುವುದು ಸುಲಭವಲ್ಲ. ಇಲ್ಲಿ ನಿಜವಾದ ಧೈರ್ಯ ತೋರಿಸಿದ್ದು ಅವರು.

ನಿಮಗೆ ಹಾಗೆ ನಿಂತರೆ ಸಮಾಧಾನ ಆಗುತ್ತದೆ ಅಂದರೆ ನಿಲ್ಲಿ, ತೊಂದರೆ ಏನಿಲ್ಲ. ಅದರಿಂದ ಹಾರ್ಮೋನು ಬದಲಾಗುತ್ತದೆ, ಕೆಲಸ ಸಿಗುತ್ತದೆ ಎಂದು ನಂಬಬೇಡಿ.

ಮೊದಲ ನೋಟದ ಮೋಸ

ಹಾಗಾದರೆ ನಮಗೆಲ್ಲ “ಮೊದಲ ನೋಟದಲ್ಲೇ ಗೊತ್ತಾಯ್ತು” ಅಂತ ಯಾಕೆ ಅನಿಸುತ್ತದೆ? ಇದಕ್ಕೆ ಉತ್ತರ 1920ರಷ್ಟು ಹಿಂದೆಯೇ ಸಿಕ್ಕಿದೆ. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಃಶಾಸ್ತ್ರಜ್ಞರು ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟಿದ್ದ ಅಂಕಗಳನ್ನು ಪರಿಶೀಲಿಸಿದರು. ಮೈಕಟ್ಟು, ಬುದ್ಧಿ, ನಾಯಕತ್ವ, ಗುಣ ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕ ಕೊಡಬೇಕಿತ್ತು. ಆದರೆ ಒಂದರಲ್ಲಿ ಹೆಚ್ಚು ಅಂಕ ಪಡೆದವರಿಗೆ ಎಲ್ಲದರಲ್ಲೂ ಹೆಚ್ಚು ಅಂಕ ಬಿದ್ದಿತ್ತು. ಅಧಿಕಾರಿಗಳು ಒಟ್ಟಾರೆ “ಒಳ್ಳೆಯವನು” ಅಥವಾ “ಅಷ್ಟಕ್ಕಷ್ಟೆ” ಎಂದು ಮೊದಲೇ ತೀರ್ಮಾನಿಸಿ, ಅದರ ಬಣ್ಣವನ್ನೇ ಉಳಿದೆಲ್ಲದಕ್ಕೂ ಬಳಿದಿದ್ದರು. ಇದಕ್ಕೆ ಥಾರ್ನ್‌ಡೈಕ್ ಕೊಟ್ಟ ಹೆಸರು ಹೇಲೋ. ಅಂದರೆ ದೇವರ ಪಟದಲ್ಲಿ ತಲೆಯ ಹಿಂದೆ ಕಾಣುವ ಪ್ರಭೆ.

ಇಂಟರ್‌ವ್ಯೂನಲ್ಲೂ ಇದೇ ಆಗುತ್ತದೆ. ಬಂದವರು ಸರಾಗವಾಗಿ ಇಂಗ್ಲಿಷ್ ಮಾತಾಡಿದರು, ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು, ನಗುನಗುತ್ತ ಕೈಕುಲುಕಿದರು. ಅಷ್ಟಕ್ಕೇ ಲೆಕ್ಕದಲ್ಲಿ ಚುರುಕು, ಸಮಯಕ್ಕೆ ಸರಿಯಾಗಿ ಬರುತ್ತಾರೆ, ದುಡ್ಡಿನ ವಿಷಯದಲ್ಲಿ ಪ್ರಾಮಾಣಿಕರು ಅಂತೆಲ್ಲ ನಾವೇ ಸೇರಿಸಿಕೊಂಡುಬಿಡುತ್ತೇವೆ. ಇದರ ಉಲ್ಟಾ ಕೂಡ ನಡೆಯುತ್ತದೆ. ಕನ್ನಡ ಮೀಡಿಯಂನಲ್ಲಿ ಓದಿ, ಹಳ್ಳಿಯಿಂದ ಬಂದು, ಮೊದಲ ಸಲ ಎಸಿ ರೂಮಿನಲ್ಲಿ ಕೂತ ಹುಡುಗಿ ಎರಡು ವಾಕ್ಯಕ್ಕೆ ತಡವರಿಸಿದರೆ, ಅವಳಿಗೆ ಟ್ಯಾಲಿ ಬರುತ್ತದೋ ಇಲ್ಲವೋ ಎಂದು ಕೇಳುವ ಮೊದಲೇ “ಕಾನ್ಫಿಡೆನ್ಸ್ ಸಾಲದು” ಎಂದು ಬರೆದಿಡುತ್ತೇವೆ.

ಹಾಗಂತ “ತುಂಬಿದ ಕೊಡ ತುಳುಕುವುದಿಲ್ಲ” ಎಂದು ಮಾತು ಕಮ್ಮಿ ಇರುವವರನ್ನೇ ಆರಿಸಿದರೆ? ಅದೂ ತಪ್ಪೇ. ಸುಮ್ಮನಿರುವವರು ಬುದ್ಧಿವಂತರೂ ಇರಬಹುದು, ಏನೂ ಗೊತ್ತಿಲ್ಲದವರೂ ಇರಬಹುದು. ಮಾತಾಡುವುದೇ ಕೆಲಸವಾಗಿರುವ ಕಡೆ ಮಾತನ್ನು ಪರೀಕ್ಷಿಸಿ. ಮಿಕ್ಕ ಕಡೆ ಕೆಲಸವನ್ನು ಪರೀಕ್ಷಿಸಿ.

21 ವರ್ಷದ ಹುಡುಗ ಹಾಕಿಕೊಟ್ಟ ದಾರಿ

1955ರ ಸುಮಾರಿಗೆ ಇಸ್ರೇಲ್ ಸೇನೆಗೆ ಒಂದು ಸಮಸ್ಯೆ ಇತ್ತು. ಹೊಸದಾಗಿ ಸೇರುವವರನ್ನು ಕೂರಿಸಿಕೊಂಡು 15–20 ನಿಮಿಷ ಮಾತಾಡಿಸಿ, ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆಂದು ಅಂದಾಜು ಮಾಡುತ್ತಿದ್ದರು. ಆ ಅಂದಾಜು ಮುಂದೆ ನಿಜವಾಗುತ್ತಿರಲಿಲ್ಲ. ಇದನ್ನು ಸರಿಪಡಿಸುವ ಕೆಲಸ 21 ವರ್ಷದ ಒಬ್ಬ ಲೆಫ್ಟಿನೆಂಟ್‌ಗೆ ಬಿತ್ತು. ಅವರ ಹೆಸರು ಡೇನಿಯಲ್ ಕಾನಮನ್. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಇವರೇ.

ಅವರು ಮಾಡಿದ್ದು ಸರಳ. ಸೇನೆಯ ಕೆಲಸಕ್ಕೆ ಬೇಕಾದ ಆರು ಗುಣಗಳನ್ನು ಪಟ್ಟಿ ಮಾಡಿದರು. ಒಂದೊಂದು ಗುಣಕ್ಕೂ ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಸಿದ್ಧ ಮಾಡಿದರು. “ನೀನು ಜವಾಬ್ದಾರಿಯ ಮನುಷ್ಯನಾ?” ಅನ್ನುವಂಥ ಪ್ರಶ್ನೆಗಳಲ್ಲ, ಹಿಂದೆ ಮಾಡಿದ ಕೆಲಸಗಳೆಷ್ಟು, ಎಷ್ಟು ನಿಯಮಿತವಾಗಿ, ಸಮಯಕ್ಕೆ ಸರಿಯಾಗಿ ಮಾಡಿದ್ದೆ ಅನ್ನುವಂಥ ನಡೆದ ಸಂಗತಿಯ ಪ್ರಶ್ನೆಗಳು. ಒಂದು ಗುಣದ ಪ್ರಶ್ನೆ ಮುಗಿದ ಕೂಡಲೇ ಅದಕ್ಕೆ 1ರಿಂದ 5ರೊಳಗೆ ಅಂಕ ಬರೆದು, ಆಮೇಲೆ ಮುಂದಿನದಕ್ಕೆ ಹೋಗಬೇಕು.

ಸಂದರ್ಶಕರಿಗೆ ಸಿಟ್ಟು ಬಂತು. ನಮ್ಮನ್ನು ರೋಬಾಟ್ ಮಾಡುತ್ತಿದ್ದೀರಿ ಎಂದು ಜಗಳಕ್ಕೆ ನಿಂತರು. ಅವರನ್ನು ಸಮಾಧಾನ ಮಾಡಲು ಕಾನಮನ್ ಒಂದು ಮಾತು ಸೇರಿಸಿದರು: ಎಲ್ಲ ಅಂಕ ಬರೆದ ಮೇಲೆ ಕಣ್ಣು ಮುಚ್ಚಿ, ಈ ಹುಡುಗ ಸೈನಿಕನಾಗಿ ಹೇಗಿರಬಹುದೆಂದು ಊಹಿಸಿ, ಅದಕ್ಕೂ ಒಂದು ಅಂಕ ಕೊಡಿ.

ಕೆಲವು ತಿಂಗಳ ನಂತರ ನೋಡಿದರೆ ಹೊಸ ಕ್ರಮ ಹಳೆಯದಕ್ಕಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡಿತ್ತು. ಕಾನಮನ್‌ಗೇ ಅಚ್ಚರಿಯಾಗುವಂತೆ, ಕೊನೆಗೆ ಕಣ್ಣು ಮುಚ್ಚಿ ಕೊಟ್ಟ ಅಂಕವೂ ಆರು ಅಂಕಗಳ ಮೊತ್ತದಷ್ಟೇ ಚೆನ್ನಾಗಿತ್ತು. ಪಾಠ ಇಷ್ಟೆ: ಅಂತಃಪ್ರಜ್ಞೆ ಕೆಟ್ಟದ್ದಲ್ಲ. ಅದು ಮೊದಲು ಬರಬಾರದು, ಕೊನೆಗೆ ಬರಬೇಕು. ವಿವರಗಳನ್ನೆಲ್ಲ ಒಂದೊಂದಾಗಿ ಅಳೆದ ಮೇಲೆ “ನನಗೇನನಿಸುತ್ತದೆ” ಎಂದು ಕೇಳಿಕೊಂಡರೆ ಅದಕ್ಕೆ ಬೆಲೆ ಇದೆ.

ಸಂಖ್ಯೆ ಏನು ಹೇಳುತ್ತದೆ?

ಕೆಲಸಕ್ಕೆ ಆರಿಸುವ ಯಾವ ವಿಧಾನ ಎಷ್ಟು ಸರಿ ಎಂದು ಅಳೆಯುವುದಕ್ಕೆ 0ಯಿಂದ 1ರವರೆಗಿನ ಒಂದು ಅಳತೆ ಬಳಸುತ್ತಾರೆ. 0 ಅಂದರೆ ಇಂಟರ್‌ವ್ಯೂನ ಅಂಕಕ್ಕೂ ಮುಂದಿನ ಕೆಲಸಕ್ಕೂ ಸಂಬಂಧವೇ ಇಲ್ಲ. 1 ಅಂದರೆ ಪೂರ್ತಿ ಹೊಂದಾಣಿಕೆ. ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು ದಶಕಗಳ ಸಂಶೋಧನೆಯನ್ನು ಮರುಲೆಕ್ಕ ಮಾಡಿ 2022ರಲ್ಲಿ ಪ್ರಕಟಿಸಿದ ಪ್ರಕಾರ:

• ಮೊದಲೇ ಪ್ರಶ್ನೆ ಸಿದ್ಧಮಾಡಿಕೊಂಡು, ಎಲ್ಲರಿಗೂ ಅದನ್ನೇ ಕೇಳಿ, ಅಂಕ ಕೊಡುವ ಇಂಟರ್‌ವ್ಯೂ: 0.42
• ಆ ಕೆಲಸದ ಬಗೆಗಿನ ತಿಳಿವಳಿಕೆಯ ಪರೀಕ್ಷೆ: 0.40
• ಕೆಲಸದ ಒಂದು ತುಣುಕನ್ನು ಮಾಡಿಸಿ ನೋಡುವುದು: 0.33
• ಬಾಯಿಗೆ ಬಂದದ್ದು ಕೇಳುವ, ಹರಟೆಯ ಇಂಟರ್‌ವ್ಯೂ: 0.19

ಕೈಬರಹ ನೋಡಿ ವ್ಯಕ್ತಿತ್ವ ಹೇಳುವ ಫಾರ್ವರ್ಡ್‌ಗಳೂ ಓಡಾಡುತ್ತವೆ ಅಲ್ಲವೇ? ಫ್ರಾಂಕ್ ಸ್ಮಿತ್ ಮತ್ತು ಜಾನ್ ಹಂಟರ್ 1998ರಲ್ಲಿ ಮಾಡಿದ ಲೆಕ್ಕದಲ್ಲಿ ಅದಕ್ಕೆ ಸಿಕ್ಕಿದ್ದು 0.02. ಅಂದರೆ ಹೆಚ್ಚುಕಮ್ಮಿ ಸೊನ್ನೆ.

ಇಲ್ಲೊಂದು ಪ್ರಾಮಾಣಿಕ ಮಾತು ಹೇಳಬೇಕು. ಪಟ್ಟಿಯ ತುದಿಯಲ್ಲಿರುವ 0.42 ಕೂಡ 1ರಿಂದ ದೂರವೇ ಇದೆ. ಎಷ್ಟೇ ಎಚ್ಚರ ವಹಿಸಿದರೂ ಕೆಲವು ಆಯ್ಕೆ ತಪ್ಪುತ್ತವೆ. ಆದರೆ ಹರಟೆಯ ಇಂಟರ್‌ವ್ಯೂಗೂ ಕ್ರಮಬದ್ಧ ಇಂಟರ್‌ವ್ಯೂಗೂ ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ ಇದೆ, ಅದಕ್ಕೆ ತಗಲುವ ಖರ್ಚು ಒಂದು ಕಾಗದ, ಒಂದು ಪೆನ್ನು.

ನಮ್ಮ ದೇಶದಲ್ಲೂ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಡಲಾಗಿದೆ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ‘ಸಿ’ ಹಾಗೂ ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ ಇಂಟರ್‌ವ್ಯೂ ತೆಗೆದುಹಾಕಿತು. ಟೈಪಿಂಗ್‌ನಂಥ ಕೌಶಲ ಪರೀಕ್ಷೆಗಳನ್ನು ಉಳಿಸಿಕೊಂಡಿತು.

ಒಂದು ಬೇಕರಿಗೆ ಜನ ಬೇಕು ಅಂದುಕೊಳ್ಳಿ

“ಇದೆಲ್ಲ ದೊಡ್ಡ ಕಂಪನಿಗಳಿಗೆ ಸರಿ, ನಮ್ಮದು ಎಂಟು ಜನರ ಅಂಗಡಿ” ಅನ್ನುತ್ತೀರಾ? ಎಂಟು ಜನರಲ್ಲಿ ಒಬ್ಬರು ತಪ್ಪಾದರೆ ಆಗುವ ನಷ್ಟ ಎಂಟು ಸಾವಿರ ಜನರ ಕಂಪನಿಗಿಂತ ಹೆಚ್ಚು. ನೀವು ಒಂದು ಬೇಕರಿ ನಡೆಸುತ್ತಿದ್ದೀರಿ, ಕೌಂಟರ್ ನೋಡಿಕೊಂಡು ಲೆಕ್ಕ ಬರೆಯುವವರು ಬೇಕು ಅಂದುಕೊಳ್ಳಿ. ಹೀಗೆ ಮಾಡಬಹುದು.

1. ಮೊದಲು ಕೆಲಸವನ್ನು ಬರೆದುಕೊಳ್ಳಿ. “ಒಳ್ಳೆ ಹುಡುಗ ಬೇಕು” ಅಲ್ಲ. ಬಿಲ್ ತಪ್ಪಿಲ್ಲದೆ ಮಾಡಬೇಕು, ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯಬೇಕು, ಆರ್ಡರ್ ಸರಿಯಾಗಿ ಬರೆದುಕೊಳ್ಳಬೇಕು, ಸಿಟ್ಟಾದ ಗಿರಾಕಿಯನ್ನು ಸಮಾಧಾನ ಮಾಡಬೇಕು. ನಾಲ್ಕೈದು ಅಂಶ ಸಾಕು.

2. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮದಲ್ಲಿ ಕೇಳಿ. ಒಬ್ಬರಿಗೆ ಊರು, ಮನೆ, ನೆಂಟರ ಬಗ್ಗೆ ಕೇಳಿ, ಇನ್ನೊಬ್ಬರಿಗೆ ಜಿಎಸ್‌ಟಿ ಬಗ್ಗೆ ಕೇಳಿದರೆ ಹೋಲಿಸುವುದು ಹೇಗೆ? “ಹಿಂದಿನ ಕೆಲಸದಲ್ಲಿ ಗಲ್ಲಾಪೆಟ್ಟಿಗೆ ಲೆಕ್ಕ ತಾಳೆಯಾಗದ ದಿನ ಏನು ಮಾಡಿದಿರಿ?” ಎಂದು ನಡೆದದ್ದನ್ನು ಕೇಳಿ. ಮೊದಲ ಸಲ ಕೆಲಸ ಹುಡುಕುವವರಿಗೆ “ಹೀಗಾದರೆ ಏನು ಮಾಡುತ್ತೀರಿ?” ಎಂದು ಕೇಳಬಹುದು. ಎರಡರಲ್ಲಿ ಯಾವುದಾದರೂ ಎಲ್ಲರಿಗೂ ಒಂದೇ ಇರಲಿ.

3. ಕೆಲಸ ಮಾಡಿಸಿ ನೋಡಿ. ಇಪ್ಪತ್ತು ಹಳೆಯ ಬಿಲ್ ಕೊಟ್ಟು, ಅದರಲ್ಲಿ ಎರಡು ತಪ್ಪು ಬಚ್ಚಿಟ್ಟು, ಹುಡುಕಲು ಹೇಳಿ. ಆಮೇಲೆ ನೀವೇ ಗಿರಾಕಿಯಾಗಿ: “ಏನ್ರೀ ಇದು, ಮಗಳ ಬರ್ತ್‌ಡೇ ಕೇಕ್ ಮೇಲೆ ಹೆಸರೇ ತಪ್ಪಾಗಿದೆ!” ಅನ್ನಿ. ಉತ್ತರ ಕೇಳಿ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಇಡೀ ದಿನದ ಕೆಲಸ ಮಾಡಿಸುವುದಾದರೆ ಅದಕ್ಕೆ ಕೂಲಿ ಕೊಡಿ. ‘ಪರೀಕ್ಷೆ’ ಹೆಸರಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದು ಅನ್ಯಾಯ.

4. ಕೂಡಲೇ ಅಂಕ ಬರೆಯಿರಿ. ಒಂದೊಂದು ಅಂಶಕ್ಕೂ ಬೇರೆ ಬೇರೆ, ಐದರಲ್ಲಿ ಇಷ್ಟು ಅಂತ. ಜೊತೆಗೆ ಇನ್ನೊಬ್ಬರು ಕೂತಿದ್ದರೆ ಅವರೂ ತಮ್ಮ ಅಂಕ ಬರೆಯುವವರೆಗೆ ಪರಸ್ಪರ ಮಾತಾಡಬೇಡಿ. “ಹುಡುಗ ಪರವಾಗಿಲ್ಲ ಅಲ್ವಾ ಅಣ್ಣ?” ಅಂತ ಒಬ್ಬರು ಅಂದ ಕೂಡಲೇ ಇನ್ನೊಬ್ಬರ ಅಭಿಪ್ರಾಯವೂ ಅತ್ತ ವಾಲುತ್ತದೆ.

5. ಹೆದರಿಕೆ ಇಳಿಸಿ. ನೀರು ಕೊಡಿ, ಯಾವ ಭಾಷೆಯಲ್ಲಿ ಸುಲಭವೋ ಅದರಲ್ಲಿ ಮಾತಾಡಲು ಹೇಳಿ, ಏನೇನು ಕೇಳುತ್ತೀರಿ ಅನ್ನುವುದನ್ನು ಮೊದಲೇ ತಿಳಿಸಿ. ಕೌಂಟರಿನಲ್ಲಿ ಕನ್ನಡ ಸಾಕು ಅನ್ನುವುದಾದರೆ ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಯಾಕೆ?

6. ಕೊನೆಗೆ ಮನಸ್ಸಿನ ಮಾತು. ಅಂಕಗಳನ್ನೆಲ್ಲ ಕೂಡಿದ ಮೇಲೆ ಕಣ್ಣು ಮುಚ್ಚಿ ಯೋಚಿಸಿ, ತೀರ್ಮಾನ ಮಾಡಿ. ಕೆಲಸ ಸಿಗದವರಿಗೂ ಒಂದು ಫೋನ್ ಮಾಡಿ ತಿಳಿಸಿ. ಆ ಒಂದು ಕರೆಗಾಗಿ ಅವರು ದಿನಗಟ್ಟಲೆ ಕಾಯುತ್ತಿರುತ್ತಾರೆ.

ಆರಿಸಿದ ಮೇಲೆ: ತಪ್ಪು ಹೇಳಿಕೊಳ್ಳಲು ಜಾಗ ಇದೆಯಾ?

ಒಳ್ಳೆಯವರನ್ನು ತಂದರೆ ಕೆಲಸ ಮುಗಿಯಲಿಲ್ಲ. “ಮ್ಯಾನೇಜರ್ ಅಂದರೆ ಎಲ್ಲರೂ ಹೆದರಬೇಕು, ಆಗಲೇ ಶಿಸ್ತು” ಅನ್ನುವುದು ಇನ್ನೊಂದು ಜನಪ್ರಿಯ ನಂಬಿಕೆ. ಇದರ ಬಗ್ಗೆ ಏಮಿ ಎಡ್ಮಂಡ್‌ಸನ್ ಅವರ ಒಂದು ಅಧ್ಯಯನ ಕಣ್ಣು ತೆರೆಸುವಂಥದ್ದು. ಅವರು ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಔಷಧ ಕೊಡುವುದರಲ್ಲಿ ಆಗುವ ತಪ್ಪುಗಳನ್ನು ನೋಡಲು ಹೊರಟರು. ಒಳ್ಳೆಯ ನಾಯಕತ್ವ, ಒಗ್ಗಟ್ಟು ಇರುವ ನರ್ಸ್ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ನಿರೀಕ್ಷೆ. ಲೆಕ್ಕ ಉಲ್ಟಾ ಬಂತು: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು!

ಕಾರಣ ಹುಡುಕಿದಾಗ ತಿಳಿದದ್ದು: ಆ ತಂಡದವರು ತಪ್ಪಾದಾಗ ಹೆದರದೆ ಹೇಳಿಕೊಳ್ಳುತ್ತಿದ್ದರು. ಹೆದರಿಕೆ ಇದ್ದ ತಂಡಗಳಲ್ಲಿ ತಪ್ಪು ಕಾಗದದ ಮೇಲೆ ಬರುತ್ತಲೇ ಇರಲಿಲ್ಲ. 1996ರಲ್ಲಿ ಬಂದ ಈ ಅಧ್ಯಯನದ ನಂತರ, 1999ರಲ್ಲಿ ಒಂದು ಉತ್ಪಾದನಾ ಕಂಪನಿಯ 51 ತಂಡಗಳನ್ನು ಅವರು ನೋಡಿದರು. ಮನಸ್ಸಿನಲ್ಲಿದ್ದದ್ದನ್ನು ಹೇಳಿದರೆ ಅವಮಾನ ಆಗುವುದಿಲ್ಲ ಎಂಬ ಭರವಸೆ ಇದ್ದ ತಂಡಗಳು ಬೇಗ ಕಲಿಯುತ್ತಿದ್ದವು, ಕೆಲಸವೂ ಚೆನ್ನಾಗಿತ್ತು.

ಬೇಕರಿಯ ಲೆಕ್ಕದಲ್ಲಿ ಹೇಳುವುದಾದರೆ: ಫ್ರಿಜ್ ರಾತ್ರಿ ಆಫ್ ಆಗಿ ಕ್ರೀಮ್ ಕೆಟ್ಟಿದೆ ಎಂದು ಬೆಳಿಗ್ಗೆ ಆರಕ್ಕೇ ಹೇಳುವ ಕೆಲಸಗಾರ ನಿಮಗೆ ಬೇಕಾ, ಬೈಗುಳಕ್ಕೆ ಹೆದರಿ ಅದೇ ಕ್ರೀಮ್ ಹಾಕಿ ಕೇಕ್ ಮಾರುವವನು ಬೇಕಾ? ಹೆದರಿಸುವ ಯಜಮಾನನಿಗೆ ಸಿಗುವುದು ಎರಡನೆಯವನು. ಹಾಗಂತ ತಪ್ಪಿಗೆಲ್ಲ “ಇರ್ಲಿ ಬಿಡು” ಅನ್ನಬೇಕು ಅಂತಲ್ಲ. ಕೇಳುವ ಮೊದಲ ಪ್ರಶ್ನೆ “ಯಾರು ಮಾಡಿದ್ದು?” ಅನ್ನುವುದರ ಬದಲು “ಹೇಗಾಯ್ತು, ಮತ್ತೆ ಆಗದ ಹಾಗೆ ಏನು ಮಾಡೋಣ?” ಅಂತ ಇರಲಿ. ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ ಹತ್ತು ನಿಮಿಷ ಕೂತು “ಏನು ಕಷ್ಟ ಆಗ್ತಿದೆ?” ಎಂದು ಕೇಳಿ. ತಪ್ಪನ್ನು ಒಬ್ಬರೇ ಇದ್ದಾಗ ಹೇಳಿ, ಒಳ್ಳೆಯದನ್ನು ನಾಲ್ಕು ಜನರ ಎದುರು ಹೇಳಿ.

ಹಾಗಾದರೆ ನಮ್ಮ ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ?

ನಿನ್ನೆಯವರೆಗೆ ಜೊತೆಯಲ್ಲಿ ಟೀ ಕುಡಿಯುತ್ತಿದ್ದವರಿಗೆ ಇವತ್ತು ನೀವು ಸೂಪರ್‌ವೈಸರ್ ಆಗಿದ್ದೀರಿ. ಒಳಗೊಳಗೇ “ನನಗಿದು ಆಗುತ್ತಾ? ನನಗೇನೂ ಗೊತ್ತಿಲ್ಲ ಅಂತ ಇವರಿಗೆಲ್ಲ ಗೊತ್ತಾಗಿಬಿಟ್ಟರೆ?” ಅನ್ನುವ ಅಳುಕು. ಇದು ನಿಮ್ಮೊಬ್ಬರದ್ದೇ ಅಲ್ಲ. 1978ರಲ್ಲಿ ಪಾಲಿನ್ ಕ್ಲ್ಯಾನ್ಸ್ ಮತ್ತು ಸುಝಾನ್ ಐಮ್ಸ್, ಓದು-ಕೆಲಸ ಎರಡರಲ್ಲೂ ಸಾಧನೆ ಮಾಡಿದ 150ಕ್ಕೂ ಹೆಚ್ಚು ಮಹಿಳೆಯರ ಜೊತೆ ಮಾಡಿದ ಕೆಲಸದ ಆಧಾರದ ಮೇಲೆ ಈ ಭಾವನೆಯನ್ನು ವಿವರಿಸಿದರು. ಪದವಿ, ಪ್ರಶಸ್ತಿ ಎಲ್ಲ ಇದ್ದರೂ “ಇದು ಅದೃಷ್ಟ, ನಾನು ಇದಕ್ಕೆ ಅರ್ಹಳಲ್ಲ” ಎಂದು ಅವರಿಗೆ ಅನಿಸುತ್ತಿತ್ತು. ಅಳುಕು ಇದೆ ಅಂದಮಾತ್ರಕ್ಕೆ ಸಾಮರ್ಥ್ಯ ಇಲ್ಲ ಅಂತಲ್ಲ.

ಇದರ ಇನ್ನೊಂದು ತುದಿಯೂ ಇದೆ. 1999ರಲ್ಲಿ ಡೇವಿಡ್ ಡನಿಂಗ್ ಮತ್ತು ಜಸ್ಟಿನ್ ಕ್ರೂಗರ್ ವಿದ್ಯಾರ್ಥಿಗಳಿಗೆ ಪರೀಕ್ಷೆಗಳನ್ನು ಕೊಟ್ಟು, “ನೂರು ಜನರಲ್ಲಿ ನೀವು ಎಷ್ಟು ಜನರಿಗಿಂತ ಮುಂದಿದ್ದೀರಿ?” ಎಂದು ಕೇಳಿದರು. ಕೆಳಗಿನ ಕಾಲು ಭಾಗದವರು ನಿಜವಾಗಿ ಮುಂದಿದ್ದದ್ದು ಸರಾಸರಿ 12 ಜನರಿಗಿಂತ. ಅವರು ಅಂದುಕೊಂಡಿದ್ದು ಸುಮಾರು 62! (ಈ ಅಧ್ಯಯನದ ಹೆಸರಿನಲ್ಲಿ ಬೆಟ್ಟದ ಹಾಗೆ ಏರಿ ಇಳಿಯುವ ಒಂದು ಗ್ರಾಫ್ ಫಾರ್ವರ್ಡ್ ಆಗುತ್ತದೆ. ಮೂಲ ಲೇಖನದಲ್ಲಿ ಅಂಥ ಗ್ರಾಫೇ ಇಲ್ಲ. ಈ ವ್ಯತ್ಯಾಸದಲ್ಲಿ ಒಂದಷ್ಟು ಬರೀ ಸಂಖ್ಯಾಶಾಸ್ತ್ರದ ಪರಿಣಾಮ ಎಂಬ ಚರ್ಚೆಯೂ ನಡೆದಿದೆ.) ಎರಡೂ ತುದಿಯನ್ನು ಸೇರಿಸಿ ನೋಡಿದರೆ ಒಂದೇ ಮಾತು ಹೊರಡುತ್ತದೆ: ನಮ್ಮ ಬಗ್ಗೆ ನಮಗೆ ಏನನಿಸುತ್ತದೆ ಅನ್ನುವುದು ನಮ್ಮ ಸಾಮರ್ಥ್ಯದ ಸರಿಯಾದ ಅಳತೆ ಅಲ್ಲ.

ಹಾಗಾದರೆ ಅದನ್ನು ಬೆಳೆಸುವುದು ಹೇಗೆ? ಆಲ್ಬರ್ಟ್ ಬಂಡೂರಾ ಎಂಬ ಮನಃಶಾಸ್ತ್ರಜ್ಞರು 1977ರಲ್ಲಿ, “ಈ ಕೆಲಸ ನನ್ನಿಂದ ಆಗುತ್ತದೆ” ಅನ್ನುವ ನಂಬಿಕೆಗೆ ನಾಲ್ಕು ಮೂಲಗಳಿವೆ ಎಂದರು. ಒಂದು, ಸ್ವತಃ ಮಾಡಿ ಗೆದ್ದ ಅನುಭವ. ಎರಡು, ನಮ್ಮಂಥವರೇ ಮಾಡಿದ್ದನ್ನು ಕಣ್ಣಾರೆ ನೋಡುವುದು. ಮೂರು, ಬೇರೆಯವರು ಹುರಿದುಂಬಿಸುವುದು. ನಾಲ್ಕು, ಮೈ-ಮನಸ್ಸಿನ ಸ್ಥಿತಿ, ಅಂದರೆ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದನ್ನು ನಾವು ಹೇಗೆ ಅರ್ಥಮಾಡಿಕೊಳ್ಳುತ್ತೇವೆ ಅನ್ನುವುದು. ಇವುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ಫಾರ್ವರ್ಡ್‌ಗಳು ಮಾರುವುದು ಬಹುಪಾಲು ಮೂರನೆಯದನ್ನು ಮತ್ತು ನಾಲ್ಕನೆಯದನ್ನು.

ಸೈಕಲ್ ಕಲಿತದ್ದು ನೆನಪಿದೆಯಾ? ಧೈರ್ಯ ಬಂದ ಮೇಲೆ ಹತ್ತಿದ್ದಲ್ಲ. ಹತ್ತಿ, ಬಿದ್ದು, ಮೊಣಕಾಲು ತರಚಿಕೊಂಡು, ಹತ್ತು ಮಾರು ಹೋದ ಮೇಲೆ ಧೈರ್ಯ ಬಂತು. ಕೆಲಸದಲ್ಲೂ ಕ್ರಮ ಅದೇ.

• ಕೆಲಸ ಹುಡುಕುವವರು: ಕನ್ನಡಿ ಮುಂದೆ ಭಂಗಿ ಅಭ್ಯಾಸ ಮಾಡುವ ಬದಲು, ಸ್ನೇಹಿತರನ್ನು ಎದುರು ಕೂರಿಸಿಕೊಂಡು ಐದು ಪ್ರಶ್ನೆಗೆ ಜೋರಾಗಿ ಉತ್ತರ ಹೇಳಿ ಅಭ್ಯಾಸ ಮಾಡಿ. ಮಾಡಿದ ಕೆಲಸದ ಗುರುತು ಏನಾದರೂ ಕೈಯಲ್ಲಿರಲಿ: ಬರೆದ ಲೆಕ್ಕ, ಹೊಲಿದ ಬಟ್ಟೆಯ ಫೋಟೊ, ಮಾಡಿದ ವೈರಿಂಗ್. ಮಾತು ತಡವರಿಸಿದರೆ ಅದನ್ನು ತೋರಿಸಿ “ಒಂದು ಸಲ ಮಾಡಿ ತೋರಿಸ್ತೀನಿ ಸರ್, ಮೇಡಂ” ಅನ್ನಿ. ಎದೆ ಹೊಡೆದುಕೊಂಡರೆ ಗಾಬರಿ ಬೇಡ, ಮುಖ್ಯವಾದ ಕೆಲಸಕ್ಕೆ ಮೈ ಸಜ್ಜಾಗುತ್ತಿದೆ ಅಷ್ಟೆ.

• ಹೊಸದಾಗಿ ತಂಡ ನಡೆಸುವವರು: ಎಲ್ಲ ಗೊತ್ತಿರುವ ಹಾಗೆ ನಟಿಸಬೇಡಿ. “ಇದು ನನಗೆ ಗೊತ್ತಿಲ್ಲ, ವಿಚಾರಿಸಿ ನಾಳೆ ಹೇಳ್ತೀನಿ” ಎಂದು ಹೇಳಿ, ನಾಳೆ ಹೇಳಿ. ಹೇಳಿದ ಮಾತು ಉಳಿಸಿಕೊಂಡರೆ ಮರ್ಯಾದೆ ತಾನಾಗಿ ಬರುತ್ತದೆ. ವಾರದ ಕೊನೆಗೆ ನಿಭಾಯಿಸಿದ ಮೂರು ಸಂಗತಿಗಳನ್ನು ಬರೆದಿಡಿ. ಅಳುಕು ಬಂದ ದಿನ ಅದೇ ಪುರಾವೆ.

• ಕೆಲಸ ಕೊಡುವವರು: ಹೊಸಬರಿಗೆ ಮೊದಲ ವಾರ ಗೆಲ್ಲಬಹುದಾದ ಸಣ್ಣ ಕೆಲಸ ಕೊಡಿ, ಆಮೇಲೆ ಸ್ವಲ್ಪ ದೊಡ್ಡದು. ಇಂಟರ್‌ವ್ಯೂನಲ್ಲಿ ನೀವು ಹುಡುಕುತ್ತಿದ್ದ ‘ಕಾನ್ಫಿಡೆನ್ಸ್’ ಹೀಗೆ ನಿಮ್ಮ ಅಂಗಡಿಯಲ್ಲೇ ಬೆಳೆಯುತ್ತದೆ.

ಆದರೆ ಒಂದು ಎಚ್ಚರಿಕೆ: ಅಳುಕು ವಾರಗಟ್ಟಲೆ ನಿದ್ದೆ ಕೆಡಿಸುತ್ತಿದ್ದರೆ, ಊಟ ಸೇರದಿದ್ದರೆ, ಜನರನ್ನು ನೋಡಿದರೆ ಉಸಿರು ಕಟ್ಟಿದಂತಾಗುತ್ತಿದ್ದರೆ ಅದು ಬರೀ ಆತ್ಮವಿಶ್ವಾಸದ ವಿಷಯ ಅಲ್ಲದಿರಬಹುದು. ವೈದ್ಯರನ್ನು ನೋಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಉಚಿತವಾಗಿ ಮಾತಾಡಬಹುದು. ಕನ್ನಡದಲ್ಲೂ ಮಾತಾಡುತ್ತಾರೆ.

ಒಂದೇ ನೋಟಕ್ಕೆ

✘ ಸಂವಹನದ ಶೇ. 93 ದೇಹಭಾಷೆ ಮತ್ತು ದನಿ: ತಪ್ಪು ಅರ್ಥ. ಒಂದೊಂದು ಪದದ, ಇಷ್ಟ-ಅನಿಷ್ಟದ ಪ್ರಯೋಗವನ್ನು ಎಳೆದು ಹಿಗ್ಗಿಸಿದ್ದು.
✘ ಕಣ್ಣು ತಪ್ಪಿಸಿದರೆ ಸುಳ್ಳುಗಾರ: ಆಧಾರ ಇಲ್ಲ.
✘ ಎರಡು ನಿಮಿಷದ ಭಂಗಿಯಿಂದ ಹಾರ್ಮೋನ್ ಬದಲು: ಮರುಪ್ರಯೋಗದಲ್ಲಿ ನಿಲ್ಲಲಿಲ್ಲ.
✘ ಕೈಬರಹದಿಂದ ಕೆಲಸದ ಯೋಗ್ಯತೆ ಗೊತ್ತಾಗುತ್ತದೆ: ಇಲ್ಲ.
✔ ಎಲ್ಲರಿಗೂ ಅದೇ ಪ್ರಶ್ನೆ, ಕೂಡಲೇ ಅಂಕ, ಕೆಲಸದ ತುಣುಕು ಮಾಡಿಸಿ ನೋಡುವುದು: ಹೆಚ್ಚು ಸರಿ.
✔ ಆತ್ಮವಿಶ್ವಾಸ ಸಣ್ಣ ಸಣ್ಣ ಕೆಲಸ ಗೆಲ್ಲುವುದರಿಂದ ಬೆಳೆಯುತ್ತದೆ: ನಿಜ.

ಮುಂದಿನ ಸಲ ಆ ಮೆಸೇಜ್ ನಿಮ್ಮ ಗ್ರೂಪಿಗೆ ಬಂದಾಗ ಕಳಿಸಿದವರ ಜೊತೆ ಜಗಳ ಬೇಡ. “ಅಣ್ಣಾ, ನಡೆದು ಬರೋದು ನೋಡಿದ್ದಾಯ್ತು, ಕೆಲಸ ಮಾಡೋದು ಯಾವಾಗ ನೋಡೋಣ?” ಎಂದು ಕೇಳಿ, ಈ ಲೇಖನ ಕಳಿಸಿ. ಯಾವುದೋ ಊರಿನಲ್ಲಿ, ಇಂಟರ್‌ವ್ಯೂನಲ್ಲಿ ತಡವರಿಸುವ ಒಬ್ಬ ಹುಡುಗಿಗೆ ಅದರಿಂದ ಒಂದು ಅವಕಾಶ ಸಿಗಬಹುದು.